ಅಂಗಡಿ ಲೋಗೋ ಮ್ಯಾಪಲ್ಲಿ ಸರಿಯಾಗಿ ಕೂರ್ಬೇಕಾದ್ರೆ: ಕ್ಯೂಜಿಐಎಸ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ವ್ಯಾಪಾರಿಗಳ ಸಂಘದ ಕ್ಯಾಲೆಂಡರಿಗೋ ಜಾತ್ರೆಯ ಸ್ಮರಣ ಸಂಚಿಕೆಗೋ ಪೇಟೆಯ ಮ್ಯಾಪ್ ಮಾಡ್ಲಿಕ್ಕೆ ಹೊರಟವರು ಹೆಚ್ಚಾಗಿ ಒಂದೇ ಕಡೆ ಸಿಕ್ಕಿ ಬೀಳ್ತಾರೆ. ಮನೆ ಕಂಪ್ಯೂಟರಲ್ಲಿ ಚಂದ ಕಂಡದ್ದನ್ನು ಪ್ರೆಸ್ಸಿಗೆ ತಗೊಂಡೋಗಿ ಓಪನ್ ಮಾಡಿದ್ರೆ ಲೋಗೋ ಇರ್ಬೇಕಾದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ, ಕನ್ನಡ ಹೆಸರಿನ ಜಾಗದಲ್ಲಿ ಖಾಲಿ ಚೌಕ, ನಾಲ್ಕು ಅಂಗಡಿ ಎಲ್ಲಿ ಹೋಯ್ತು ಅಂತ ಹುಡುಕಿದ್ರೆ ಸಮುದ್ರದಲ್ಲಿ. ಮತ್ತೆ ಲೋಗೋ ಬದಲಾಯಿಸ್ತಾ ಕೂರುದು, ಪುನಃ ಅದೇ ಕಥೆ. ನೂರಕ್ಕೆ ತೊಂಬತ್ತು ಸಲ ಲೋಗೋದಲ್ಲಿ ಎಂತ ತಪ್ಪೂ ಇರುದಿಲ್ಲ, ಲೋಗೋವನ್ನು ಎಲ್ಲಕ್ಕಿಂತ ಮೊದಲು ಕೈಗೆ ತಗೊಂಡದ್ದೇ ತಪ್ಪು. ಜಾಗ, ಪಟ್ಟಿ, ಲೋಗೋ ಫೈಲ್, ಚಿಹ್ನೆ, ಹೆಸರು, ಪ್ರಿಂಟ್, ಈ ಕ್ರಮ ಬಿಟ್ಟು ಹೋಗ್ಬೇಡಿ. ಒಂದು ಹಂತ ಸರಿ ಆಗದೆ ಮುಂದಿನದ್ದಕ್ಕೆ ಕೈ ಹಾಕ್ಬೇಡಿ.

ಬರೀ ವಾಟ್ಸಾಪಲ್ಲಿ ಲಿಂಕ್ ಕಳಿಸ್ಲಿಕ್ಕೆ, ಹತ್ತು ಹದಿನೈದು ಅಂಗಡಿ ತೋರಿಸ್ಲಿಕ್ಕೆ ಅಂತಾದ್ರೆ ಇಷ್ಟೆಲ್ಲ ಬೇಡ, ಗೂಗಲ್ ಮೈ ಮ್ಯಾಪ್ಸಲ್ಲೇ ಕಸ್ಟಮ್ ಐಕಾನ್ ಹಾಕ್ಲಿಕ್ಕೆ ಆಗ್ತದೆ, ಅದು ಸಾಕು. ಕಾಗದದಲ್ಲಿ ಪ್ರಿಂಟ್ ಆಗ್ಬೇಕು, ನಮ್ಮ ಕಾಸರಗೋಡಿನ ಹಾಗೆ ಕನ್ನಡ ಮಲಯಾಳಂ ಎರಡು ಲಿಪಿಯಲ್ಲಿ ಹೆಸರು ಬೇಕು, ಮುಂದಿನ ವರ್ಷ ಇದನ್ನೇ ತಿದ್ದಿ ಪುನಃ ಉಪಯೋಗಿಸ್ಬೇಕು ಅಂತಿದ್ರೆ ಮುಂದೆ ಓದಿ.

ಎಂತೆಲ್ಲ ಬೇಕು

ಕ್ಯೂಜಿಐಎಸ್, ಇದು ಮ್ಯಾಪ್ ಮಾಡುವ ಸಾಫ್ಟ್‌ವೇರ್, ಫ್ರೀ. ವರ್ಷನ್ 3.6 ಅಥವಾ ಅದರ ಮೇಲಿನದ್ದು ಇರ್ಬೇಕು, ಯಾಕಂದ್ರೆ ಫೋಟೋ ತರದ ಲೋಗೋವನ್ನು ಚಿಹ್ನೆಯಾಗಿ ಹಾಕುವ ರಾಸ್ಟರ್ ಇಮೇಜ್ ಮಾರ್ಕರ್ ಬಂದದ್ದೇ ಅದರಲ್ಲಿ. ಲೋಗೋ ತಿದ್ದಲಿಕ್ಕೆ ಗಿಂಪ್, ವೆಕ್ಟರ್ ಲೋಗೋ (ಎಷ್ಟು ದೊಡ್ಡದು ಮಾಡಿದ್ರೂ ಮಸುಕಾಗದ ಗೆರೆಚಿತ್ರ) ಇದ್ರೆ ಇಂಕ್‌ಸ್ಕೇಪ್. ಪಟ್ಟಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್. ಫಾಂಟ್ ಎರಡು: ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸ್ಯಾನ್ಸ್ ಮಲಯಾಳಂ. ಮತ್ತೆ ಜಿಪಿಎಸ್ ಇರುವ ಒಂದು ಫೋನು, ನಡೀಲಿಕ್ಕೆ ಕಾಲು.

1. ಎಲ್ಲದಕ್ಕೂ ಒಂದೇ ಫೋಲ್ಡರ್

ಪೇಟೆಯ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ, ಅದರ ಒಳಗೆ ಲೋಗೋಗಳಿಗೆ ಬೇರೆ ಒಂದು ಫೋಲ್ಡರ್. ಪಟ್ಟಿ, ಪ್ರಾಜೆಕ್ಟ್ ಫೈಲ್, ಫಾಂಟ್ ಎಲ್ಲ ಇದರ ಒಳಗೇ ಇರ್ಲಿ. ಡೆಸ್ಕ್‌ಟಾಪಲ್ಲಿ ಎರಡು ಲೋಗೋ, ಡೌನ್‌ಲೋಡ್ಸಲ್ಲಿ ಐದು, ಪೆನ್‌ಡ್ರೈವಲ್ಲಿ ಉಳಿದದ್ದು, ಹೀಗೆ ಇಟ್ಕೊಂಡವರ ಮ್ಯಾಪಲ್ಲೇ ಪ್ರಶ್ನಾರ್ಥಕ ಚಿಹ್ನೆ ಬರುದು.

ಫೋಲ್ಡರ್ ಆದ ಕೂಡ್ಲೆ ಕ್ಯೂಜಿಐಎಸ್ ಓಪನ್ ಮಾಡಿ, ಖಾಲಿ ಪ್ರಾಜೆಕ್ಟನ್ನೇ ಅದರೊಳಗೆ ಸೇವ್ ಮಾಡಿ. ಎಂತ ಕೆಲಸವೂ ಶುರು ಮಾಡದೆ ಸೇವ್ ಮಾಡುದು ಯಾಕೆ ಅಂತ 6ನೇ ಹಂತದಲ್ಲಿ ಗೊತ್ತಾಗ್ತದೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಜನರಲ್ ಟ್ಯಾಬಲ್ಲಿ ಸೇವ್ ಪಾತ್ಸ್ ಅಂತ ಉಂಟು, ಅದು ರಿಲೇಟಿವ್ ಅಂತಲೇ ಇರ್ಬೇಕು.

ಫೈಲ್ ಹೆಸರುಗಳು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ನಡುವೆ ಸ್ಪೇಸ್ ಇಲ್ಲದೆ. ವಿಂಡೋಸಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಎರಡೂ ಒಂದೇ, ಆದ್ರೆ ಲಿನಕ್ಸ್ ಕಂಪ್ಯೂಟರಿಗೆ ಅದು ಎರಡು ಬೇರೆ ಬೇರೆ ಫೈಲ್.

2. ಅಂಗಡಿಯ ಜಾಗ ಹಿಡಿಯುದು

ಇದನ್ನು ಮನೆಯಲ್ಲಿ ಕೂತು ಮಾಡ್ಬಹುದು ಅಂತ ತೋರ್ತದೆ, ಮಾಡ್ಲಿಕ್ಕೂ ಆಗ್ತದೆ, ಆದ್ರೆ ಹೆದ್ದಾರಿ 66ರ ಬದಿಯ ಪೇಟೆಗಳಲ್ಲಿ ನಂಬ್ಬೇಡಿ. ತಲಪಾಡಿಯಿಂದ ಈಚೆಗೆ ಹೊಸಂಗಡಿ, ಉಪ್ಪಳ, ಕುಂಬಳೆ, ಕಾಸರಗೋಡು ಅಂತ ರಸ್ತೆ ಅಗಲ ಆದಲ್ಲೆಲ್ಲ ಎಷ್ಟೋ ಅಂಗಡಿ ಜಾಗ ಬದಲಾಯಿಸಿದೆ, ಉಪಗ್ರಹ ಚಿತ್ರದಲ್ಲಿ ಹಳೇ ಬಿಲ್ಡಿಂಗೇ ಇರ್ಬಹುದು, ಹಳೇ ಪಿನ್ನು ಈಗ ಸರ್ವಿಸ್ ರೋಡಿನ ನಡುವೆ ನಿಂತಿರ್ಬಹುದು. ಬದಿಯಡ್ಕ, ಮುಳ್ಳೇರಿಯ, ಪೆರ್ಲದಂತಹ ಪೇಟೆ ಆದ್ರೆ ಒಂದು ಸಂಜೆ ನಡೆದ್ರೆ ಮುಗೀತದೆ. ಅಂಗಡಿಯ ಬಾಗಿಲಲ್ಲಿ ನಿಂತು, ಫೋನಿನ ನೀಲಿ ಚುಕ್ಕೆ ಒಂದು ಕಡೆ ನಿಲ್ಲುವವರೆಗೆ ಕಾದು, ಆಮೇಲೆ ಬರ್ಕೊಳ್ಳಿ. ಕಾಂಪ್ಲೆಕ್ಸ್ ಒಳಗೆ ನಿಂತ್ರೆ ಚುಕ್ಕೆ ಓಡಾಡ್ತದೆ, ಹೊರಗೆ ಬನ್ನಿ.

ಡಾಟ್ ಆದ್ಮೇಲೆ ಐದು ಅಂಕೆ ಬರೀರಿ. ಐದು ಅಂಕೆ ಅಂದ್ರೆ ಸುಮಾರು 1 ಮೀಟರ್ ಲೆಕ್ಕ, ನಾಲ್ಕು ಅಂದ್ರೆ 11 ಮೀಟರ್, ಮೂರೇ ಅಂದ್ರೆ 110 ಮೀಟರ್. ಮೂರು ಅಂಕೆಗೆ ನಿಲ್ಲಿಸಿದ್ರೆ ರಸ್ತೆಯ ಈ ಬದಿಯ ಬೇಕರಿ ಆ ಬದಿಗೆ ಹೋಗಿ ಕೂರ್ತದೆ, ಬೇಕರಿಯವ ಫೋನ್ ಮಾಡಿಯೇ ಮಾಡ್ತಾನೆ.

ಇನ್ನೊಂದು ತಪ್ಪು ಡಿಗ್ರಿ ನಿಮಿಷದ್ದು. ಕೆಲವು ಆಪ್‌ಗಳು 12 ಡಿಗ್ರಿ 30 ನಿಮಿಷ ಅಂತ ತೋರಿಸ್ತವೆ, ಅದನ್ನು 12.30 ಅಂತ ಬರ್ದು ಬಿಡ್ತಾರೆ. 30 ನಿಮಿಷ ಅಂದ್ರೆ ಅರ್ಧ ಡಿಗ್ರಿ, ಬರೀಬೇಕಾದ್ದು 12.50. ಆ 0.20ರ ವ್ಯತ್ಯಾಸಕ್ಕೆ ಅಂಗಡಿ 22 ಕಿಲೋಮೀಟರ್ ದಕ್ಷಿಣಕ್ಕೆ ಜಾರ್ತದೆ, ಕಾಸರಗೋಡಿನದ್ದು ಕಾಞಂಗಾಡಿನ ಹತ್ತಿರಕ್ಕೆ.

3. ಪಟ್ಟಿ ಮಾಡುದು

ಒಂದು ಅಂಗಡಿಗೆ ಒಂದು ಸಾಲು. ಕಾಲಂಗಳು: ನಂಬರ್, ಕನ್ನಡ ಹೆಸರು, ಮಲಯಾಳಂ ಹೆಸರು, ವಿಧ, ಅಕ್ಷಾಂಶ, ರೇಖಾಂಶ, ಲೋಗೋ ಫೈಲಿನ ಹೆಸರು, ಫೋನು, ಮತ್ತೆ ಕೊನೆಗೆ "ಉಂಟಾ" ಅಂತ ಒಂದು ಕಾಲಂ, ಅಂಗಡಿ ಇದ್ರೆ 1, ಮುಚ್ಚಿದ್ರೆ 0. ಲೋಗೋ ಕಾಲಂನಲ್ಲಿ ಫೈಲಿನ ಹೆಸರು ಮಾತ್ರ ಬರ್ಬೇಕು, ಸಿ ಡ್ರೈವಿಂದ ಶುರುವಾಗುವ ಉದ್ದದ ದಾರಿ ಬೇಡವೇ ಬೇಡ. ಲೋಗೋ ಇಲ್ಲದ ಅಂಗಡಿ ಬೇಕಾದಷ್ಟು ಇರ್ತದೆ, ಅಂಥದ್ದಕ್ಕೆ ಒಂದು ಸಾಮಾನ್ಯ ಚಿತ್ರ ಮಾಡಿಟ್ಟು ಆ ಕಾಲಂನಲ್ಲಿ ಅದರ ಹೆಸರನ್ನೇ ತುಂಬಿಸಿ, ಖಾಲಿ ಬಿಡ್ಬೇಡಿ.

ಕನ್ನಡ ಹೆಸರು ಯೂನಿಕೋಡಲ್ಲೇ ಇರ್ಬೇಕು. ಡಿಟಿಪಿಯವರ ಹತ್ತಿರ ಇರುವ ಹಳೇ ಪಟ್ಟಿ ಹೆಚ್ಚಾಗಿ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟಲ್ಲಿ ಟೈಪ್ ಆದದ್ದು. ಅವರ ಪೇಜ್‌ಮೇಕರಲ್ಲಿ ಅದು ಕನ್ನಡ, ನಿಮ್ಮ ಮ್ಯಾಪಲ್ಲಿ ಅದು ಇಂಗ್ಲಿಷ್ ಅಕ್ಷರದ ಕಸ. ಪಟ್ಟಿಯಲ್ಲಿ ಹೆಸರು ಹಾಗೆ ವಿಚಿತ್ರವಾಗಿ ಕಂಡ್ರೆ ಫಾಂಟ್ ಬದಲಾಯಿಸ್ತಾ ಕೂರ್ಬೇಡಿ, ನುಡಿ ಬರಹದ್ದೇ ಕನ್ವರ್ಟರ್ ಉಂಟು, ಅದರಲ್ಲಿ ಯೂನಿಕೋಡಿಗೆ ತಂದು ಆಮೇಲೆ ಒತ್ತಕ್ಷರ ಒಂದೊಂದೇ ಕಣ್ಣು ಹಾಯಿಸಿ.

ಪಟ್ಟಿಯನ್ನು ಸಿಎಸ್‌ವಿ, ಅಂದ್ರೆ ಕಾಲಂಗಳ ನಡುವೆ ಕಾಮಾ ಇರುವ ಸಾದಾ ಫೈಲ್ ಆಗಿ ಸೇವ್ ಮಾಡ್ಬೇಕು. ಹಾಗೆ ಸೇವ್ ಮಾಡುವಾಗ ಎಕ್ಸೆಲಲ್ಲಿ ಬರೀ ಸಿಎಸ್‌ವಿ ಅಂತ ಒಂದು, ಸಿಎಸ್‌ವಿ ಯುಟಿಎಫ್-8 ಅಂತ ಇನ್ನೊಂದು ಉಂಟು. ಎರಡನೇದ್ದು ಬೇಕು. ಮೊದಲಿನದ್ದರಲ್ಲಿ ಸೇವ್ ಮಾಡಿದ್ರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗ್ತದೆ, ಅದು ಪುನಃ ವಾಪಸ್ ಬರುದಿಲ್ಲ ಮಾರಾಯ್ರೆ, ಮೂಲ ಫೈಲ್ ಬೇರೆ ಇಟ್ಕೊಂಡಿರಿ. ಕ್ಯಾಲ್ಕ್ ಆದ್ರೆ ಅದೇ ಕೇಳ್ತದೆ, ಯುಟಿಎಫ್-8 ಆರಿಸಿದ್ರೆ ಆಯ್ತು.

4. ಪಟ್ಟಿಯನ್ನು ಮ್ಯಾಪಿಗೆ ತರುದು

ಲೇಯರ್ ಮೆನುವಿನಲ್ಲಿ ಆಡ್ ಲೇಯರ್, ಅದರೊಳಗೆ ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್. ಎನ್‌ಕೋಡಿಂಗ್ ಯುಟಿಎಫ್-8. ಎಕ್ಸ್ ಅಂತ ಇರುವಲ್ಲಿ ರೇಖಾಂಶ, ವೈ ಅಂತ ಇರುವಲ್ಲಿ ಅಕ್ಷಾಂಶ. ಸಿಆರ್‌ಎಸ್ ಇಪಿಎಸ್‌ಜಿ 4326. (ಸಿಆರ್‌ಎಸ್ ಅಂದ್ರೆ ಜಾಗವನ್ನು ಅಂಕೆಯಲ್ಲಿ ಹೇಳುವ ಪದ್ಧತಿ, 4326 ಅಂದ್ರೆ ಡಿಗ್ರಿಯಲ್ಲಿ ಹೇಳುವಂಥದ್ದು.)

ಎಲ್ಲರೂ ಬೀಳುವ ಹೊಂಡ ಈ ಎಕ್ಸ್ ವೈ. ಗೂಗಲ್ ಮ್ಯಾಪಲ್ಲಿ ರೈಟ್ ಕ್ಲಿಕ್ ಮಾಡಿದ್ರೆ ಬರುದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ, ಕ್ಯೂಜಿಐಎಸ್ ಕೇಳುದು ಉಲ್ಟಾ. ಕಾಸರಗೋಡು ಸುಮಾರು 12.5 ಅಕ್ಷಾಂಶ, 75 ರೇಖಾಂಶದ ಹತ್ತಿರ ಉಂಟು, ಅದನ್ನು ತಿರುಗಿಸಿ ಹಾಕಿದ್ರೆ ನಾರ್ವೆಯಿಂದಲೂ ಮೇಲೆ, ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳ್ತದೆ. ಎಲ್ಲಾ ಅಂಗಡಿಗಳೂ ಉತ್ತರದ ತುದಿಯಲ್ಲಿ ಕಂಡ್ರೆ ಕಾಲಂ ತಿರುಗಿದೆ ಅಂತ ತಿಳ್ಕೊಳ್ಳಿ. ಒಂದೆರಡು ಮಾತ್ರ ಆಫ್ರಿಕಾದ ಪಶ್ಚಿಮ ಕರಾವಳಿಯ ಸಮುದ್ರದಲ್ಲಿ ಕಂಡ್ರೆ ಆ ಸಾಲಿನಲ್ಲಿ ಸೊನ್ನೆ ಸೊನ್ನೆ ಉಂಟು.

ಡಿಟೆಕ್ಟ್ ಫೀಲ್ಡ್ ಟೈಪ್ಸ್ ಅಂತ ಒಂದು ಟಿಕ್ ಇರ್ತದೆ. ಅದಿದ್ರೆ 04994 ಅಂತ ಬರೆದ ಎಸ್‌ಟಿಡಿ ಕೋಡು 4994 ಆಗ್ತದೆ, ಎದುರಿನ ಸೊನ್ನೆ ಮಾಯ. ಫೋನ್ ನಂಬರ್ ಮ್ಯಾಪಲ್ಲಿ ಬರೀಲಿಕ್ಕೆ ಉಂಟಾದ್ರೆ ಆ ಕಾಲಂನ ವಿಧವನ್ನು ಟೆಕ್ಸ್ಟ್ ಅಂತ ಮಾಡಿ, ಇಲ್ಲವಾದ್ರೆ ಟಿಕ್ಕೇ ತೆಗೀರಿ.

ಬಿಂದುಗಳು ಸರಿಯಾದ ಜಾಗಕ್ಕೆ ಬಂದ ಮೇಲೆ ಲೇಯರ್ ಮೇಲೆ ರೈಟ್ ಕ್ಲಿಕ್, ಎಕ್ಸ್‌ಪೋರ್ಟ್, ಸೇವ್ ಫೀಚರ್ಸ್ ಆ್ಯಸ್, ಜಿಯೋಪ್ಯಾಕೇಜ್ (ಮ್ಯಾಪಿನ ಡೇಟಾ ಇಡುವ ಒಂದು ಫೈಲ್ ವಿಧ). ಅಲ್ಲಿಯೇ ಸಿಆರ್‌ಎಸ್ ಇಪಿಎಸ್‌ಜಿ 32643 ಅಂತ ಕೊಡಿ, ಪ್ರಾಜೆಕ್ಟಿಗೂ ಅದನ್ನೇ ಇಡಿ, ಅಳತೆ ಮೀಟರಲ್ಲಿ ಸಿಕ್ತದೆ. ಈ ಸಂಖ್ಯೆ ಅಂದ್ರೆ ಯುಟಿಎಂ (ಭೂಮಿಯನ್ನು ಉದ್ದುದ್ದ ವಲಯ ಮಾಡಿ ಮೀಟರಲ್ಲಿ ಅಳೆಯುವ ಪದ್ಧತಿ) 43ನೇ ವಲಯ, ಅದರ ನಡುಗೆರೆಯೇ 75 ಡಿಗ್ರಿ, ನಮ್ಮ ಊರಿನ ಮೇಲೆಯೇ ಹೋಗುದು, ಹಾಗಾಗಿ ನಮಗೆ ಇದಕ್ಕಿಂತ ಒಳ್ಳೇದು ಬೇಕಾಗಿಲ್ಲ. ಇಲ್ಲಿ ಸೆಟ್ ಲೇಯರ್ ಸಿಆರ್‌ಎಸ್ ಅಂತ ಇರುದನ್ನು ಒತ್ತಿ ಬದಲಾಯಿಸ್ಲಿಕ್ಕೆ ನೋಡ್ತಾರೆ, ಅದು ಲೆಕ್ಕವನ್ನು ಬದಲಾಯಿಸುದಿಲ್ಲ, ಹೆಸರಿನ ಚೀಟಿ ಮಾತ್ರ ಬದಲಾಯಿಸುದು, ಅಂಗಡಿಗಳೆಲ್ಲ ಎಲ್ಲೋ ಹಾರಿ ಹೋಗ್ತವೆ.

ಶೇಪ್‌ಫೈಲ್ ಅಂತ ಇನ್ನೊಂದು ಫೈಲ್ ವಿಧ ಉಂಟು, ಅದು ಬೇಡ. ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಹೋಗ್ತದೆ, ಅಂದ್ರೆ "ಲೋಗೋ" ಅಂತ ಬರೀಲಿಕ್ಕೂ ಸಾಲುದಿಲ್ಲ.

ಒಂದು ನೆನಪಿರ್ಲಿ: ಜಿಯೋಪ್ಯಾಕೇಜ್ ಆದ್ಮೇಲೆ ಹಳೇ ಸಿಎಸ್‌ವಿಯಲ್ಲಿ ತಿದ್ದಿದ್ದು ಮ್ಯಾಪಿಗೆ ಬರುದಿಲ್ಲ. ತಿದ್ದುವುದಿದ್ರೆ ಇನ್ನು ಕ್ಯೂಜಿಐಎಸ್ ಒಳಗೆಯೇ.

5. ಲೋಗೋ ಫೈಲ್ ತಯಾರಿ

ಈಗ ಬಂತು ಲೋಗೋ. ಮೊದಲು ಅಂಗಡಿಯವರನ್ನೇ ಕೇಳಿ ತಗೊಳ್ಳಿ, ನೆಟ್ಟಿಂದ ಎತ್ತಬೇಡಿ, ಒಂದು ವಾಟ್ಸಾಪ್ ಮೆಸೇಜಲ್ಲಿ "ಹಾಕ್ಬಹುದು" ಅಂತ ಅವರ ಒಪ್ಪಿಗೆ ಇದ್ರೆ ನಾಳೆಗೆ ತಲೆನೋವಿಲ್ಲ. ಡೀಲರ್‌ಶಿಪ್ ಇರುವವರು ಕಂಪೆನಿಯ ಲೋಗೋ ಕಳಿಸ್ತಾರೆ, ಮ್ಯಾಪಲ್ಲಿ ಬೇಕಾದ್ದು ಅಂಗಡಿಯ ಗುರುತು. ಒಂದೇ ಪೈಂಟ್ ಕಂಪೆನಿಯ ಲೋಗೋ ಒಂದು ಪೇಟೆಯಲ್ಲಿ ನಾಲ್ಕು ಕಡೆ ಕಂಡ್ರೆ ನೋಡುವವನಿಗೆ ಎಂತ ಉಪಯೋಗ?

ಬರುವ ಫೈಲೆಲ್ಲ ಹೆಚ್ಚಾಗಿ ವಾಟ್ಸಾಪಲ್ಲಿ ಬಂದ ಜೆಪಿಜಿ, ಇಲ್ಲಾಂದ್ರೆ ಬೋರ್ಡಿನ ಫೋಟೋ. ಜೆಪಿಜಿಗೆ ಪಾರದರ್ಶಕ ಹಿನ್ನೆಲೆ ಅಂತ ಇಲ್ಲ, ಹಾಗೇ ಹಾಕಿದ್ರೆ ಪ್ರತಿ ಲೋಗೋದ ಸುತ್ತ ಬಿಳಿ ಪೆಟ್ಟಿಗೆ. ಡಾಕ್ಯುಮೆಂಟ್ ಆಗಿ ಕಳಿಸ್ಲಿಕ್ಕೆ ಹೇಳಿ, ಸ್ಪಷ್ಟತೆ ಉಳೀತದೆ. ಆಮೇಲೆ ಗಿಂಪಲ್ಲಿ ಹಿನ್ನೆಲೆ ತೆಗ್ದು, 256 ಗುಣಿಸು 256 ಪಿಕ್ಸೆಲ್‌ನ ಚೌಕದ ನಡುವೆ ಕೂರಿಸಿ ಪಿಎನ್‌ಜಿ ಮಾಡಿ. ಚೌಕ ಯಾಕೆ ಅಂದ್ರೆ, ಕ್ಯೂಜಿಐಎಸ್ ಅಳತೆ ತಗೊಳ್ಳುದು ಚಿತ್ರದ ಅಗಲದಿಂದ. ಜವಳಿ ಅಂಗಡಿಯ ಉದ್ದಕ್ಕೆ ಮಲಗಿದ ಲೋಗೋ 8 ಮಿಲಿಮೀಟರ್ ಅಗಲಕ್ಕೆ ಕುಗ್ಗಿದ್ರೆ ಎತ್ತರ ಎರಡು ಮಿಲಿಮೀಟರೂ ಇರುದಿಲ್ಲ, ಪಕ್ಕದ ಮೆಡಿಕಲಿನ ನೆಟ್ಟಗಿನ ಲೋಗೋ ಅದರ ಐದು ಪಟ್ಟು ಕಾಣ್ತದೆ. ಎಲ್ಲ ಒಂದೇ ಚೌಕದಲ್ಲಿದ್ರೆ ಅಳತೆ ಹಿಡಿತಕ್ಕೆ ಬರ್ತದೆ.

256 ಸಾಕಾ ಅಂತ ಕೇಳ್ತಾರೆ. 300 ಡಿಪಿಐಯಲ್ಲಿ 8 ಮಿಲಿಮೀಟರ್ ಅಂದ್ರೆ 94 ಪಿಕ್ಸೆಲ್ ಅಷ್ಟೆ, 20 ಮಿಲಿಮೀಟರಿಗೂ 236. ಹಾಗಾಗಿ ಧಾರಾಳ ಸಾಕು. 4000 ಪಿಕ್ಸೆಲ್‌ನ ಚಿತ್ರ ನೂರು ಹಾಕಿದ್ರೆ ಮ್ಯಾಪ್ ಸರಿಸುವಾಗೆಲ್ಲ ಕಂಪ್ಯೂಟರ್ ನಿದ್ದೆ ಹೋಗ್ತದೆ, ಬೇರೆ ಲಾಭ ಇಲ್ಲ.

8 ಮಿಲಿಮೀಟರಲ್ಲಿ ಲೋಗೋದ ಒಳಗಿನ ಅಕ್ಷರ ಓದ್ಲಿಕ್ಕೆ ಆಗುದಿಲ್ಲ ಅಂತ ಮೊದಲೇ ಒಪ್ಪಿಕೊಳ್ಳಿ. "1974ರಿಂದ ನಿಮ್ಮ ಸೇವೆಯಲ್ಲಿ", ಫೋನ್ ನಂಬರ್, ದೇವರ ಫೋಟೋ ಎಲ್ಲ ತೆಗ್ದು ಗುರುತಿನ ಚಿಹ್ನೆ ಮಾತ್ರ ಉಳಿಸಿ. ಮಾಲೀಕರಿಗೆ ಸ್ವಲ್ಪ ಬೇಜಾರಾಗ್ತದೆ, ಹೆಸರು ಪಕ್ಕದಲ್ಲೇ ದೊಡ್ಡದಾಗಿ ಬರ್ತದೆ ಅಂತ ಹೇಳಿ ಸಮಾಧಾನ ಮಾಡಿ.

ಎಸ್‌ವಿಜಿ (ವೆಕ್ಟರ್ ಲೋಗೋದ ಫೈಲ್) ಕೊಟ್ಟವರದ್ದು ಅಪರೂಪ. ಅದನ್ನು ಎಸ್‌ವಿಜಿಯಾಗಿಯೇ ಹಾಕುದಾದ್ರೆ ಇಂಕ್‌ಸ್ಕೇಪಲ್ಲಿ ಅಕ್ಷರಗಳನ್ನು ಆಬ್ಜೆಕ್ಟ್ ಟು ಪಾತ್ ಮಾಡಿ, ಪೇಜನ್ನು ಚಿತ್ರದ ಅಳತೆಗೆ ಕುಗ್ಗಿಸಿ, ಪ್ಲೇನ್ ಎಸ್‌ವಿಜಿ ಅಂತ ಸೇವ್ ಮಾಡಿ. ಪೇಜ್ ಎ4 ಆಗಿಯೇ ಉಳಿದ್ರೆ ಲೋಗೋ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಕಾಣ್ತದೆ. ನೆರಳು, ಮಸುಕು ಮುಂತಾದ ಫಿಲ್ಟರ್‌ಗಳು ಕ್ಯೂಜಿಐಎಸಲ್ಲಿ ಬರುದಿಲ್ಲ, ಅಂಥದ್ದು ಇದ್ರೆ ಅದನ್ನೂ ಪಿಎನ್‌ಜಿ ಮಾಡಿ ಬಿಡಿ. ನನ್ನ ಮಟ್ಟಿಗೆ ಎಲ್ಲವೂ ಪಿಎನ್‌ಜಿಯೇ ಆದ್ರೆ ಮುಂದಿನ ಹಂತ ಸಲೀಸು.

6. ಲೋಗೋವನ್ನು ಬಿಂದುವಿಗೆ ಕಟ್ಟುದು

ಎರಡು ದಾರಿ ಉಂಟು. ಐದಾರು ಬ್ಯಾಂಕು, ಅದರ ನಲವತ್ತು ಬ್ರಾಂಚು ಅಂತಾದ್ರೆ ಲೇಯರ್ ಪ್ರಾಪರ್ಟೀಸ್‌ನ ಸಿಂಬಾಲಜಿಯಲ್ಲಿ ಕೆಟಗರೈಸ್ಡ್ ಆರಿಸಿ, ವಿಧದ ಕಾಲಂ ಕೊಟ್ಟು, ಒಂದೊಂದಕ್ಕೆ ಒಂದೊಂದು ಲೋಗೋ ಕೈಯಲ್ಲೇ ಹಾಕಿ. ನೂರು ಅಂಗಡಿ ನೂರು ಲೋಗೋ ಆದ್ರೆ ಅದು ಹುಚ್ಚು ಕೆಲಸ, ಕಾಲಂನಿಂದಲೇ ಓದಿಸ್ಬೇಕು.

ಸಿಂಗಲ್ ಸಿಂಬಲ್ ಇಟ್ಕೊಂಡು, ಕೆಳಗಿನ ಸಿಂಪಲ್ ಮಾರ್ಕರ್ ಮೇಲೆ ಕ್ಲಿಕ್ ಮಾಡಿ, ಸಿಂಬಲ್ ಲೇಯರ್ ಟೈಪಲ್ಲಿ ರಾಸ್ಟರ್ ಇಮೇಜ್ ಮಾರ್ಕರ್ ಆರಿಸಿ. ಫೈಲ್ ದಾರಿ ಕೇಳುವ ಪೆಟ್ಟಿಗೆಯ ಬಲಗಡೆ ಒಂದು ಸಣ್ಣ ಬಟನ್ ಉಂಟು, ಅದೇ ಡೇಟಾ ಡಿಫೈನ್ಡ್ ಓವರ್‌ರೈಡ್. ಅದರಲ್ಲಿ ಎಡಿಟ್ ಕೊಟ್ರೆ ಎಕ್ಸ್‌ಪ್ರೆಷನ್ ಕಿಟಕಿ ತೆರೀತದೆ. ಇಲ್ಲಿ ಮೂರು ತುಂಡು ಜೋಡಿಸ್ಬೇಕು. ಒಂದು, ವೇರಿಯಬಲ್ಸ್ ಪಟ್ಟಿಯಲ್ಲಿ ಪ್ರಾಜೆಕ್ಟ್ ಫೋಲ್ಡರ್ ಅಂತ ಇರುದಕ್ಕೆ ಡಬಲ್ ಕ್ಲಿಕ್. ಎರಡು, ಲೋಗೋ ಫೋಲ್ಡರಿನ ಹೆಸರು, ಹಿಂದೆ ಮುಂದೆ ಓರೆಗೆರೆ ಹಾಕಿ, ಒಂಟಿ ಕೋಟ್ ಒಳಗೆ. ಮೂರು, ಫೀಲ್ಡ್ಸ್ ಪಟ್ಟಿಯಿಂದ ಲೋಗೋ ಕಾಲಂ, ಅದು ತಾನಾಗಿಯೇ ಜೋಡಿ ಕೋಟಲ್ಲಿ ಬರ್ತದೆ. ಈ ತುಂಡುಗಳ ನಡುವೆ ನೆಟ್ಟಗೆ ನಿಂತ ಗೆರೆ ಎರಡೆರಡು, ಕೀಬೋರ್ಡಲ್ಲಿ ಎಂಟರಿನ ಮೇಲಿನ ಕೀಯನ್ನು ಶಿಫ್ಟ್ ಹಿಡ್ದು ಒತ್ತಿದ್ರೆ ಸಿಕ್ಕುದು. ಕೆಳಗೆ ಪ್ರಿವ್ಯೂ ಅಂತ ಉಂಟು, ಅಲ್ಲಿ ಪೂರ್ತಿ ದಾರಿ ಕಾಣ್ತದೆ, ಓಕೆ ಕೊಡುವ ಮೊದಲು ಅದನ್ನು ಓದಿ.

ಓರೆಗೆರೆ ಯಾವ ಕಡೆಗೆ ಬಾಗಿದೆ ಅನ್ನುದು ಇಲ್ಲಿ ಮುಖ್ಯ. ವಿಂಡೋಸ್ ತೋರಿಸುವ ಹಿಂದಕ್ಕೆ ಬಾಗಿದ ಗೆರೆಯನ್ನು ಕಾಪಿ ಮಾಡಿ ಹಾಕಿದ್ರೆ ಕ್ಯೂಜಿಐಎಸ್ ಅದನ್ನು ಬೇರೆಯೇ ಸಂಜ್ಞೆ ಅಂತ ತಿಳ್ಕೊಳ್ತದೆ, ಅದರ ಮುಂದೆ ಎನ್ ಅಕ್ಷರ ಬಂದ್ರೆ ಹೊಸ ಸಾಲಿಗೇ ಹೋಗ್ತದೆ. ಯಾವಾಗಲೂ ಮುಂದಕ್ಕೆ ಬಾಗಿದ ಗೆರೆ.

ಎಲ್ಲ ಲೋಗೋ ಒಟ್ಟಿಗೆ ಕಾಣೆ, ಪ್ರಿವ್ಯೂನ ದಾರಿಯಲ್ಲಿ ಫೋಲ್ಡರಿನ ಹೆಸರೇ ಇಲ್ಲ ಅಂದ್ರೆ ಪ್ರಾಜೆಕ್ಟ್ ಇನ್ನೂ ಸೇವ್ ಆಗಿಲ್ಲ. ಮೊದಲೇ ಸೇವ್ ಮಾಡಿ ಅಂದದ್ದು ಇದಕ್ಕೇ. ಕೆಲವು ಮಾತ್ರ ಕಾಣೆ ಅಂದ್ರೆ ಆ ಸಾಲಿನ ಫೈಲ್ ಹೆಸರಲ್ಲಿ ಸ್ಪೆಲ್ಲಿಂಗ್, ಕೊನೆಗೆ ಸೇರ್ಕೊಂಡ ಸ್ಪೇಸ್, ಅಥವಾ ಪಿಎನ್‌ಜಿ ಬದಲು ಜೆಪಿಜಿ.

ಅಳತೆ 8 ಮಿಲಿಮೀಟರ್, ಯೂನಿಟ್ ಮಿಲಿಮೀಟರ್ ಅಂತಲೇ ಇರ್ಲಿ. ಮ್ಯಾಪ್ ಯೂನಿಟ್ಸ್ ಅಂತ ಇಟ್ಟು ಪ್ರಾಜೆಕ್ಟ್ 4326ರಲ್ಲಿ ಇದ್ರೆ 8 ಅಂದ್ರೆ 8 ಡಿಗ್ರಿ, ಒಂದು ಹೋಟೆಲಿನ ಲೋಗೋ ಅರ್ಧ ದಕ್ಷಿಣ ಭಾರತವನ್ನು ಮುಚ್ತದೆ.

ಮತ್ತೆ ಹಸಿರು ಪ್ಲಸ್ ಒತ್ತಿ ಇನ್ನೊಂದು ಸಿಂಪಲ್ ಮಾರ್ಕರ್ ಸೇರಿಸಿ, ಬಿಳಿ ವೃತ್ತ, ತೆಳು ಬೂದು ಅಂಚು, 10 ಮಿಲಿಮೀಟರ್, ಅದನ್ನು ಲೋಗೋದ ಕೆಳಗೆ ಇಳಿಸಿ. ಹಸಿರು ಲೋಗೋ ಹಸಿರು ತೋಟದ ಮೇಲೆ ಕಳೆದು ಹೋಗುದು ಇದರಿಂದ ನಿಲ್ತದೆ. ಚೌಕದ ಮೂಲೆಯವರೆಗೂ ಚಾಚಿದ ಲೋಗೋ ಇದ್ರೆ ವೃತ್ತವನ್ನು 12 ಮಾಡಿ.

7. ಹೆಸರು, ಎರಡು ಲಿಪಿಯಲ್ಲಿ

ಲೇಬಲ್ಸಲ್ಲಿ ಸಿಂಗಲ್ ಲೇಬಲ್ಸ್. ಕನ್ನಡ ಮೇಲೆ, ಮಲಯಾಳಂ ಕೆಳಗೆ ಬೇಕಾದ್ರೆ ಎರಡು ಕಾಲಂ ಜೋಡಿಸ್ಬೇಕು, ಇಲ್ಲಿ ನಿಲುಗೆರೆ ಬೇಡ, ಕಾನ್‌ಕ್ಯಾಟ್ ಫಂಕ್ಷನ್ ಉಪಯೋಗಿಸಿ. ಯಾಕಂದ್ರೆ ನಿಲುಗೆರೆಯಲ್ಲಿ ಜೋಡಿಸಿದಾಗ ಒಂದು ಕಾಲಂ ನಲ್ (ಖಾಲಿ) ಆಗಿದ್ರೆ ಇಡೀ ಹೆಸರೇ ಮಾಯ ಆಗ್ತದೆ, ಮಲಯಾಳಂ ಬರೀದೆ ಬಿಟ್ಟ ಅಂಗಡಿಗೆ ಕನ್ನಡವೂ ಇಲ್ಲ. ಕೆಲವು ಹೆಸರು ಮಾತ್ರ ಕಾಣುದಿಲ್ಲ ಅಂತ ದೂರು ಬಂದಾಗ ಮೊದಲು ನೋಡ್ಬೇಕಾದ್ದು ಇದನ್ನೇ.

ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರ್ಲಿ. ಇಂಗ್ಲಿಷಿಗೆ ಅಂತರ ಕೊಟ್ರೆ ಚಂದ, ಕನ್ನಡದ ಒತ್ತಕ್ಷರ ಬಿಟ್ಟುಹೋಗ್ತದೆ. ಅಕ್ಷರದ ಸುತ್ತ ಬಫರ್, ಬಿಳಿ, ಅರ್ಧ ಅಥವಾ ಮುಕ್ಕಾಲು ಮಿಲಿಮೀಟರ್.

ಹೆಸರು ಲೋಗೋದ ಮೇಲೆಯೇ ಹತ್ತಿ ಕೂರುದು ಇನ್ನೊಂದು ಗೋಳು. ದೂರವನ್ನು ಬಿಂದುವಿನ ನಡುವಿಂದ ಅಳೆಯುದು, 10 ಮಿಲಿಮೀಟರಿನ ವೃತ್ತಕ್ಕೆ 2 ಮಿಲಿಮೀಟರ್ ದೂರ ಕೊಟ್ರೆ ಹೆಸರು ವೃತ್ತದ ಒಳಗೇ. ಪ್ಲೇಸ್‌ಮೆಂಟಲ್ಲಿ ಕಾರ್ಟೋಗ್ರಾಫಿಕ್ ಆರಿಸಿ, ದೂರವನ್ನು ಸಿಂಬಲ್ ಬೌಂಡ್ಸಿಂದ ಅಂತ ಮಾಡಿ, ಅಲ್ಲಿಗೆ ಮುಗೀತು.

ಇಷ್ಟಾದ ಮೇಲೂ ಕೆಲವು ಹೆಸರು ಕಾಣದಿದ್ರೆ ಜಾಗ ಇಲ್ಲದೆ ಕ್ಯೂಜಿಐಎಸ್ ಅದನ್ನು ಬಿಟ್ಟಿದೆ ಅಂತ ಅರ್ಥ. ಓವರ್‌ಲ್ಯಾಪ್ ಅಲೋ ಮಾಡಿದ್ರೆ ಬರ್ತದೆ, ಒಂದರ ಮೇಲೊಂದು ಬರ್ತದೆ. ಅದಕ್ಕಿಂತ ಟೂಲ್‌ಬಾರಿನ ಮೂವ್ ಲೇಬಲಿಂದ ಕೈಯಲ್ಲೇ ಸರಿಸಿ ಕೂರಿಸುದು ಒಳ್ಳೇದು. ಇದು ಕೊನೆಯ ಕೆಲಸ, ಸ್ಕೇಲ್ ನಿಗದಿ ಆದ ಮೇಲೆ ಮಾತ್ರ ಮಾಡಿ, ಇಲ್ಲಾಂದ್ರೆ ಪುನಃ ಸರಿಸ್ಬೇಕು.

8. ಒಂದೇ ಬಿಲ್ಡಿಂಗಲ್ಲಿ ಹತ್ತು ಅಂಗಡಿ

ಕಾಸರಗೋಡಿನ ಹೊಸ ಬಸ್ ಸ್ಟ್ಯಾಂಡ್ ಆಸುಪಾಸಿನ ಕಾಂಪ್ಲೆಕ್ಸ್‌ಗಳಲ್ಲಿ ಇದು ತಪ್ಪಿದ್ದಲ್ಲ. ಮೂರು ನಾಲ್ಕು ಅಂಗಡಿ ಆದ್ರೆ ಸಿಂಬಾಲಜಿಯಲ್ಲಿ ಪಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ ಆರಿಸಿ, ಹತ್ತಿರದ ಬಿಂದುಗಳನ್ನು ಅದು ಸುತ್ತ ಹರಡಿ ತೋರಿಸ್ತದೆ. ಆರಕ್ಕಿಂತ ಹೆಚ್ಚಾದ್ರೆ ಲೋಗೋದ ಆಸೆ ಬಿಡಿ, ಬಿಲ್ಡಿಂಗಿಗೆ ಒಂದು ನಂಬರ್ ಹಾಕಿ, ಪಟ್ಟಿಯನ್ನು ಮ್ಯಾಪಿನ ಬದಿಗೆ ಕೊಡಿ. ದುಡ್ಡು ಕೊಟ್ಟವರ ಲೋಗೋ ಬರ್ಲೇಬೇಕು ಅಂತ ಸಂಘದವರು ಹಠ ಹಿಡಿದ್ರೆ ಆ ಬದಿಯ ಪಟ್ಟಿಯಲ್ಲಿ ಹಾಕಿ, ಅಲ್ಲಿ ಜಾಗವೂ ಉಂಟು.

9. ಪ್ರಿಂಟ್

ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲ್ ಇಟ್ಟು 300 ಡಿಪಿಐಯಲ್ಲಿ ತೆಗೆದ್ರೆ ರಸ್ತೆಯ ಹೆಸರುಗಳು ಇರುವೆಯಷ್ಟು ಆಗ್ತವೆ, ಟೈಲ್ ಅಂದ್ರೆ ಅದು ಚಿತ್ರ, ಅಕ್ಷರ ದೊಡ್ಡದು ಮಾಡ್ಲಿಕ್ಕೆ ಬರುದಿಲ್ಲ. ಕ್ವಿಕ್‌ಓಎಸ್‌ಎಂ ಪ್ಲಗಿನ್ ಹಾಕಿ ನಿಮ್ಮ ಪೇಟೆಯ ರಸ್ತೆ, ಬಿಲ್ಡಿಂಗ್ ಮಾತ್ರ ಇಳಿಸ್ಕೊಂಡು ನೀವೇ ಬಣ್ಣ ಕೊಡಿ, ಕೆಲಸ ಒಂದು ಗಂಟೆ ಜಾಸ್ತಿ ಆದ್ರೂ ಮ್ಯಾಪ್ ಶುದ್ಧ ಬರ್ತದೆ. ರಸ್ತೆಗೆ ಕನ್ನಡ ಹೆಸರು ತುಂಬಿದಲ್ಲಿ ಅದೂ ಸಿಕ್ತದೆ, ಎಲ್ಲಾ ಕಡೆ ತುಂಬಿಲ್ಲ. ಎರಡರಲ್ಲಿ ಯಾವುದಾದ್ರೂ ಮ್ಯಾಪಿನ ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು ಅಂತ ಹೆಸರು ಹಾಕ್ಲೇಬೇಕು.

ಕಾಲಂನಿಂದ ಓದಿಸಿದ ಲೋಗೋಗಳಿಗೆ ಲೆಜೆಂಡ್ (ಚಿಹ್ನೆಗಳ ವಿವರದ ಪಟ್ಟಿ) ಸರಿಯಾಗಿ ಬರುದಿಲ್ಲ, ಒಂದೇ ಚಿತ್ರ ಕಾಣ್ತದೆ. ಪಕ್ಕದಲ್ಲಿ ಹೆಸರು ಇರುವಾಗ ಲೆಜೆಂಡ್ ಬೇಕಾಗಿಯೂ ಇಲ್ಲ, ತೆಗ್ದು ಬಿಡಿ.

ಪಿಡಿಎಫ್ ಮಾಡುವಾಗ ಟೆಕ್ಸ್ಟ್ ಎಕ್ಸ್‌ಪೋರ್ಟ್ ಅಂತ ಇರುವಲ್ಲಿ ಆಲ್ವೇಸ್ ಎಕ್ಸ್‌ಪೋರ್ಟ್ ಟೆಕ್ಸ್ಟ್ ಆ್ಯಸ್ ಪಾತ್ಸ್ ಆರಿಸಿ. ಪ್ರೆಸ್ಸಿನ ಕಂಪ್ಯೂಟರಲ್ಲಿ ನೋಟೋ ಫಾಂಟ್ ಇದ್ರೂ ಇಲ್ಲದಿದ್ರೂ ಅಕ್ಷರ ನೀವು ಕಂಡ ಹಾಗೇ ಬರ್ತದೆ. ಆಮೇಲೆ ಒಂದು ಎ4 ಹಾಳೆಯಲ್ಲಿ ನೂರು ಪರ್ಸೆಂಟ್ ಅಳತೆಗೆ ಪ್ರಿಂಟ್ ತೆಗ್ದು, ಫಿಟ್ ಟು ಪೇಜ್ ಬೇಡ, ಆ ಹಾಳೆ ಹಿಡ್ಕೊಂಡು ಪೇಟೆಯಲ್ಲಿ ಒಂದು ಸುತ್ತು ಬನ್ನಿ. ಸ್ಕ್ರೀನಲ್ಲಿ ತಪ್ಪಿಸ್ಕೊಂಡ ತಪ್ಪು ಅಲ್ಲಿ ಸಿಕ್ತದೆ, ಹೆಸರಿನ ಕಾಗುಣಿತವನ್ನು ಅಂಗಡಿಯವರೇ ಬೋರ್ಡ್ ತೋರಿಸಿ ತಿದ್ದಿಸ್ತಾರೆ.

ಪ್ರೆಸ್ಸಿಗೆ ಪಿಡಿಎಫ್ ಮಾತ್ರ ಕೊಡಿ, ಸಂಘಕ್ಕೆ ಇಡೀ ಫೋಲ್ಡರ್ ಜಿಪ್ ಮಾಡಿ ಕೊಡಿ. ಮುಂದಿನ ವರ್ಷ ಮುಚ್ಚಿದ ಅಂಗಡಿಯ ಸಾಲನ್ನು ಅಳಿಸ್ಬೇಡಿ, ಉಂಟಾ ಕಾಲಂನಲ್ಲಿ 0 ಹಾಕಿ, ಲೇಯರಿನ ಫಿಲ್ಟರಲ್ಲಿ 1 ಇರುದನ್ನು ಮಾತ್ರ ತೋರಿಸು ಅಂತ ಕೊಟ್ರೆ ಲೋಗೋ ಹೆಸರು ಎರಡೂ ಒಟ್ಟಿಗೆ ಹೋಗ್ತದೆ, ಅದೇ ಮಾಲೀಕ ಬೇರೆ ಕಡೆ ತೆರೆದ್ರೆ ಬಿಂದು ಸರಿಸಿ ಪುನಃ 1 ಮಾಡಿದ್ರಾಯ್ತು.